ಹಂಪೆಯನ್ನು ಕಟ್ಟಿದ ಕೈಗಳನ್ನು ಮಕ್ಕಳು ಕಾಣಲಿ

(ಶಾಲಾ ಪಾಲಕರ ಸಭೆಯಲ್ಲಿ ಮಾಡಿದ ಭಾಷಣ)



ಶಾಲೆಗಳ ಪ್ರವಾಸದ ಕಾಲ ಬಂದಿದೆ. ಹಂಪೆಗೆ ಹೊರಡುವ ಬಸ್ಸಿನಲ್ಲಿ ಹಣ ಕಟ್ಟಿದವರ ಮಕ್ಕಳು ಕೂಡುತ್ತಾರೆ. ಕಟ್ಟಲಾರದವರ ಮಕ್ಕಳು ಮನೆಯಲ್ಲೇ ಉಳಿಯುತ್ತಾರೆ. ಹೋದ ಮಕ್ಕಳಾದರೂ ಕಾಣುವುದೇನು? ಕಲ್ಲಿನ ರಥದ ಮುಂದೆ ಒಂದು ಫೋಟೋ, ರಾಜರ ಹೆಸರಿನ ಒಂದು ಪಟ್ಟಿ, ಮತ್ತೆ ಬಸ್ಸು. ಈ ಎರಡೂ ಅನ್ಯಾಯವೇ.

ಕೃಷ್ಣದೇವರಾಯನು 1509ರಿಂದ 1529ರವರೆಗೆ ಆಳಿದನೆಂದು ಪುಸ್ತಕ ಹೇಳುತ್ತದೆ. ಬಂಡೆ ಸೀಳಿದವರ ಮಾತನ್ನು ಹೇಳುವುದಿಲ್ಲ. ಅದನ್ನು ಬಂಡೆಯೇ ಹೇಳುತ್ತದೆ. ಹಂಪೆಯ ಹೆಬ್ಬಂಡೆಗಳ ಅಂಚಿನಲ್ಲಿ ಸಾಲಾಗಿ ಕೊರೆದ ಗುಳಿಗಳಿವೆ. ಅವುಗಳಲ್ಲಿ ಬೆಣೆ ಕೂರಿಸಿ ಕಲ್ಲು ಸೀಳುತ್ತಿದ್ದರು. ಮಕ್ಕಳು ಗುಳಿಯಿಂದ ಗುಳಿಗೆ ಅಳತೆಪಟ್ಟಿ ಹಿಡಿಯಲಿ; ಕೆಲಸಗಾರನ ಲೆಕ್ಕ ತಾನಾಗಿ ತಿಳಿಯುತ್ತದೆ.

ಅರಮನೆಯ ಆವರಣದಲ್ಲಿ, 1980ರ ದಶಕದ ಉತ್ಖನನದಿಂದ ಬೆಳಕಿಗೆ ಬಂದ ಮೆಟ್ಟಿಲುಗಳ ಪುಷ್ಕರಣಿಯಿದೆ. ಅದರ ಕಪ್ಪು ಕಲ್ಲುಗಳ ಮೇಲೆ ಯಾವ ದಿಕ್ಕು, ಯಾವ ಸಾಲು ಎಂಬ ಗುರುತುಗಳಿವೆ. ಯಂತ್ರ ಬಿಚ್ಚುವ ಫಿಟ್ಟರ್ ಬಿಡಿಭಾಗಗಳಿಗೆ ಗುರುತು ಹಾಕುವುದಿಲ್ಲವೇ? ಇದೂ ಅದೇ ಬುದ್ಧಿ. ಮಕ್ಕಳು ಆ ಗುರುತುಗಳನ್ನು ಬರೆದುಕೊಂಡು ಬಂದು, ಶಾಲೆಯ ಅಂಗಳದಲ್ಲಿ ಇಟ್ಟಿಗೆಗೆ ಅಂಕಿ ಹಾಕಿ ಅಂಥದೇ ಕೊಳ ಕಟ್ಟಿ ನೋಡಲಿ. ಊರಿನ ಕಲ್ಲುಕುಟಿಗನನ್ನು ಒಂದು ದಿನ ಮೇಷ್ಟರಾಗಿ ಕರೆಯಿರಿ, ಕೂಲಿ ಕೊಟ್ಟೇ ಕರೆಯಿರಿ. ಚೂರುಗಲ್ಲಿನ ಮೇಲೆ ಮಕ್ಕಳು ಉಳಿ ಹಿಡಿದು ಕಲಿಯಲಿ. ಸ್ಮಾರಕದ ಮೇಲೆ ಮಾತ್ರ ಕೈಮಾಡುವುದು ಬೇಡ. ವಿಠ್ಠಲ ಗುಡಿಯ ನಾದದ ಕಂಬಗಳನ್ನು ಬಡಿದದ್ದು ಸಾಕು.

ವಿರೂಪಾಕ್ಷ ಗುಡಿಯ ಮುಂದಿನ ಪೇಟೆಬೀದಿಯನ್ನು ಅಂಗಡಿಕಾರನ ಮಗಳು ಹೆಜ್ಜೆ ಹಾಕಿ ಅಳೆಯಲಿ. ತುರುತ್ತು ಕಾಲುವೆಯ ದಂಡೆಯಲ್ಲಿ ನಿಂತು ರೈತನನ್ನು ಮಾತಾಡಿಸಲಿ. 1565ರ ಯುದ್ಧದ ಮೇಲೆ ರಾಜಧಾನಿ ಹಾಳಾಯಿತು. ದುಡಿದವರು ತೋಡಿದ ಕಾಲುವೆ ಇಂದಿಗೂ ಹೊಲಗದ್ದೆಗೆ ನೀರುಣಿಸುತ್ತಿದೆ.

ಇನ್ನು ಖರ್ಚಿನ ಮಾತು. 15 ವರ್ಷದೊಳಗಿನ ಮಕ್ಕಳಿಗೆ ಕೇಂದ್ರ ಪುರಾತತ್ವ ಇಲಾಖೆಯ ಪ್ರವೇಶಶುಲ್ಕವಿಲ್ಲ. ಉಳಿಯುವುದು ಬಸ್ಸು ಮತ್ತು ಬುತ್ತಿ. 2009ರ ಶಿಕ್ಷಣ ಹಕ್ಕಿನ ಕಾಯಿದೆ 6ರಿಂದ 14 ವರ್ಷದ ಮಕ್ಕಳಿಗೆ ಉಚಿತ ಶಿಕ್ಷಣವೆಂದು ಸಾರಿದೆ. ಪ್ರವಾಸ ಮೋಜಾದರೆ ಹಣ ಕೇಳಲಿ. ಪಾಠವಾದರೆ ಬಡವನ ಮಗುವನ್ನು ಹೊರಗಿಡುವ ಹಕ್ಕು ಯಾರಿಗೂ ಇಲ್ಲ.

ಆದುದರಿಂದ ಪ್ರತಿ ಶಾಲೆಯ ಪಾಲಕರೂ ಒಂದೇ ಠರಾವು ಮಾಡಬೇಕು: ಹೋದರೆ ತರಗತಿಯ ಎಲ್ಲ ಮಕ್ಕಳೂ ಹೋಗಬೇಕು, ಬಸ್ಸಿನ ಖರ್ಚನ್ನು ಸರ್ಕಾರ ಹೊರಬೇಕು. ನಾವು ಕೇಳುತ್ತಿರುವುದು ದಾನವಲ್ಲ. ಹಂಪೆಯನ್ನು ಕಟ್ಟಿದವರು ನಮ್ಮಂಥವರೇ. ಅದನ್ನು ಅರಿಯುವ ಹಕ್ಕು ನಮ್ಮ ಮಕ್ಕಳದು.