ಅಲೆಯಿಲ್ಲದ ಕಡೆ ಇಳಿಯಬೇಡಿ
(ಸಂಘದ ವಿದ್ಯಾರ್ಥಿ ಸಮಾವೇಶದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ದ್ರವಗಳ ಚಲನೆಯ ಬಗ್ಗೆ ಮಾತನಾಡಿ ಎಂದಾಗ ಬರ್ನೂಲಿಯ ಸೂತ್ರ ವಿವರಿಸಿ ಮುಗಿಸೋಣ ಎಂದುಕೊಂಡಿದ್ದೆ. ಅದು ನಿಮ್ಮ ಪಿಯುಸಿ ಪುಸ್ತಕದಲ್ಲೇ ಇದೆ. ಆದರೆ 2024ರ ಡಿಸೆಂಬರಿನಲ್ಲಿ ಮುರ್ಡೇಶ್ವರಕ್ಕೆ ಪ್ರವಾಸ ಬಂದಿದ್ದ ಕೋಲಾರ ಜಿಲ್ಲೆಯ ನಾಲ್ವರು ವಿದ್ಯಾರ್ಥಿನಿಯರು ಸಮುದ್ರಪಾಲಾದ ಸುದ್ದಿ ಮನಸ್ಸಿನಿಂದ ಹೋಗಿಲ್ಲ. ನಮ್ಮ ಮಕ್ಕಳ ಪ್ರವಾಸದ ಬಸ್ಸುಗಳೂ ಅದೇ ಕರಾವಳಿಗೆ ಹೋಗುತ್ತವೆ. ಆದ್ದರಿಂದ ಇವತ್ತು ಕಡಲ ನೀರಿನ ಒಂದೇ ಒಂದು ಚಲನೆಯನ್ನು ಹೇಳುತ್ತೇನೆ.

ಅಲೆಗಳು ನೀರನ್ನು ದಡದತ್ತ ತಳ್ಳುತ್ತಲೇ ಇರುತ್ತವೆ. ಆ ನೀರು ಹಿಂದಕ್ಕೆ ಹೋಗಲೇಬೇಕಲ್ಲ? ದಡದಿಂದ ಸ್ವಲ್ಪ ಆಚೆ ನೀರಿನಡಿ ಮರಳ ದಿಬ್ಬಗಳಿರುತ್ತವೆ. ದಿಬ್ಬದ ನಡುವೆ ಎಲ್ಲಾದರೂ ತಗ್ಗಿದ್ದರೆ ಅಕ್ಕಪಕ್ಕದ ನೀರೆಲ್ಲ ಅಲ್ಲಿಗೇ ನುಗ್ಗುತ್ತದೆ. ತೋಟದ ಪೈಪಿನ ಬಾಯನ್ನು ಹೆಬ್ಬೆರಳಿನಿಂದ ಅರ್ಧ ಮುಚ್ಚಿ ನೋಡಿದ್ದೀರಿ. ದಾರಿ ಕಿರಿದಾದಂತೆ ವೇಗ ಹೆಚ್ಚುತ್ತದೆ. ಹೀಗೆ ಕಡಲಿನತ್ತ ಓಡುವ ಸೆಳವನ್ನು ಅಮೆರಿಕದ ಭೂವಿಜ್ಞಾನಿ ಫ್ರಾನ್ಸಿಸ್ ಶೆಪರ್ಡ್ 1936ರಲ್ಲಿ ‘ರಿಪ್ ಕರೆಂಟ್’ ಎಂದು ಕರೆದರು. ಸಾಮಾನ್ಯವಾಗಿ ಅದರ ವೇಗ ಸೆಕೆಂಡಿಗೆ ಅರ್ಧ ಮೀಟರ್ ಇರಬಹುದು. 2 ಮೀಟರ್ ದಾಟಿದ್ದೂ ಉಂಟು. ಒಲಿಂಪಿಕ್ ಈಜುಗಾರರ ವೇಗವೇ ಹೆಚ್ಚುಕಡಿಮೆ ಅಷ್ಟು!

ಇದರಲ್ಲೊಂದು ಮೋಸವಿದೆ. ತಗ್ಗಿನಲ್ಲಿ ಆಳ ಹೆಚ್ಚಿರುವುದರಿಂದ ಅಲ್ಲಿ ಅಲೆ ಒಡೆಯುವುದು ಕಡಿಮೆ. ಎರಡೂ ಕಡೆ ಬಿಳಿ ನೊರೆ, ನಡುವೆ ಶಾಂತವಾದ ನೀರು. ಮಕ್ಕಳನ್ನು ಇಳಿಸಲು ದೊಡ್ಡವರು ಆರಿಸುವುದು ಹೆಚ್ಚಾಗಿ ಅದೇ ಜಾಗವನ್ನು. ಬಂಡೆಗಳ ಪಕ್ಕದಲ್ಲೂ ಇಂಥ ಸೆಳವು ಇರುತ್ತದೆ.

‘ಸೊಂಟದವರೆಗೆ ಮಾತ್ರ ಇಳಿಯುತ್ತೇವೆ ಸಾರ್’ ಎನ್ನುತ್ತೀರಿ. ಹರಿಯುವ ನೀರಿನ ಬಲ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ನಾನು ಒಂದು ಅಂದಾಜು ಲೆಕ್ಕ ಹಾಕಿದೆ: ಸೆಕೆಂಡಿಗೆ 1 ಮೀಟರ್ ವೇಗದ ನೀರು ಸೊಂಟದಾಳದಲ್ಲಿ ನಿಂತವನನ್ನು ಸುಮಾರು 13 ಕಿಲೋ ಭಾರದಷ್ಟು ತಳ್ಳುತ್ತದೆ. ವೇಗ 2 ಮೀಟರ್ ಆದರೆ 26 ಅಲ್ಲ, 52 ಕಿಲೋ. ಜೊತೆಗೆ ನೀರು ನಿಮ್ಮನ್ನು ಮೇಲಕ್ಕೆತ್ತುವುದರಿಂದ ಕಾಲಿಗೆ ಹಿಡಿತವೂ ತಪ್ಪುತ್ತದೆ.

ಸೆಳವು ಕೆಳಕ್ಕೆ ಎಳೆದು ಮುಳುಗಿಸುತ್ತದೆ ಎಂಬುದು ತಪ್ಪು ತಿಳಿವಳಿಕೆ. ಅದು ಒಯ್ಯುವುದು ಕಡಲಿನತ್ತ, ಮೇಲ್ಭಾಗದಲ್ಲೇ. ದಡಕ್ಕೆ ನೇರವಾಗಿ ಈಜಲು ಹೋಗಿ ಸುಸ್ತಾದವರು ಮುಳುಗುತ್ತಾರೆ. ಸಿಕ್ಕಿಬಿದ್ದರೆ ಅಂಗಾತ ತೇಲಿರಿ, ಕೈ ಎತ್ತಿ ಕೂಗಿರಿ. ಈಜು ಬಲ್ಲವರು ದಡಕ್ಕೆ ಸಮಾನಾಂತರವಾಗಿ ಈಜಿ, ನೊರೆಯಿರುವ ಕಡೆಗೆ ಬಂದು, ಅಲೆಯ ಜೊತೆ ದಡಕ್ಕೆ ತಿರುಗಬೇಕು. ಸೆಳವಿನ ಅಗಲ ಹೆಚ್ಚಾಗಿ ಕೆಲವೇ ಹತ್ತು ಮೀಟರ್.

ದಡದಲ್ಲಿರುವ ಗೆಳೆಯರೇ, ದಯವಿಟ್ಟು ಹಿಂದೆ ಹಾರಬೇಡಿ. ಒಬ್ಬರನ್ನು ಉಳಿಸಲು ಹೋಗಿ ಅಣ್ಣತಮ್ಮಂದಿರು ಜೊತೆಯಾಗಿ ಹೋದದ್ದುಂಟು. ಜೀವರಕ್ಷಕರನ್ನು ಕರೆಯಿರಿ, ತೇಲುವ ವಸ್ತು ಎಸೆಯಿರಿ. ಪ್ರವಾಸದ ಬಸ್ಸಿನಲ್ಲಿ 20 ಲೀಟರಿನ ನೀರಿನ ಕ್ಯಾನ್ ಇರುತ್ತದಲ್ಲ, ಅದನ್ನು ಖಾಲಿ ಮಾಡಿ, ಮುಚ್ಚಳ ಬಿಗಿದು, ಹಗ್ಗ ಕಟ್ಟಿ ಎಸೆದರೂ ಸಾಕು. ಆರ್ಕಿಮಿಡೀಸನ ಲೆಕ್ಕದಲ್ಲಿ ಅದು ಹತ್ತಿರ ಹತ್ತಿರ 20 ಕಿಲೋ ಎತ್ತಬಲ್ಲದು. ಮನುಷ್ಯನ ತಲೆ ನೀರಿನ ಮೇಲಿರಲು 5 ಕಿಲೋ ಸಿಕ್ಕರೂ ನಡೆಯುತ್ತದೆ.