ಸೈಕಲ್ ಕದ್ದವರು ಯಾರು?



ಒಳ್ಳೆಯ ಚಿತ್ರ ಓದಿದವರಿಗೆ ಮಾತ್ರ ಎಂಬ ಮಾತನ್ನು ನಾವು ಒಪ್ಪುವುದಿಲ್ಲ. ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ 1949ರಲ್ಲಿ ಊರವರೇ ಕಟ್ಟಿದ ನಾಟಕ ಸಂಘ ನೀನಾಸಂ, 1973ರಲ್ಲಿ ಚಿತ್ರಸಮಾಜವನ್ನೂ ತೆರೆಯಿತು. ಅಡಿಕೆ ತೋಟದ ಹಳ್ಳಿ ಜಗತ್ತಿನ ಚಿತ್ರಗಳನ್ನು ಕಂಡಿತು. ನಮಗೇಕೆ ಆಗದು?

ಇಂದು ನಾವು ನೋಡಲಿರುವುದು ಇಟಲಿಯ ಡಿ ಸಿಕಾ 1948ರಲ್ಲಿ ತೆಗೆದ 'ಬೈಸಿಕಲ್ ಥೀವ್ಸ್'. ಭಿತ್ತಿಪತ್ರ ಹಚ್ಚುವ ಕೆಲಸಕ್ಕೆ ಸೈಕಲ್ ಬೇಕು. ಹಾಸಿಗೆಯ ದುಪ್ಪಟಿಗಳನ್ನು ಅಡವಿಟ್ಟು ಬಿಡಿಸಿ ತಂದ ಸೈಕಲ್ ಮೊದಲ ದಿನವೇ ಕಳುವಾಗುತ್ತದೆ. ನಾಯಕನಾಗಿ ನಟಿಸಿದ ಲ್ಯಾಂಬರ್ಟೊ ಮಜ್ಜೊರಾನಿ ನಿಜಕ್ಕೂ ಕಾರ್ಖಾನೆಯ ಕಾರ್ಮಿಕ; ಚಿತ್ರದ ತರುವಾಯ ಅವರ ಕೆಲಸವೂ ಹೋಯಿತು.

ಬಡವನದನ್ನು ಕದ್ದವನೂ ಬಡವನೇ ಆದರೆ ತಪ್ಪು ಯಾರದು? ಚಿತ್ರ ಮುಗಿದೊಡನೆ ಎದ್ದು ಹೋಗದೆ ಕೂತು ಮಾತಾಡೋಣ. ಬಾಗಿಲ ಬಳಿಯ ಡಬ್ಬಿಗೆ ಕೈಲಾದಷ್ಟು ಹಾಕೋಣ. ಮುಂದಿನ ಚಿತ್ರ ಬರುವುದು ಅದರಿಂದಲೇ.