ಶವರ್ ಮೂಲೆಯ ಕಪ್ಪು ಮತ್ತೆ ಬಂತಾ?

ಮಂಗಳೂರಿನ ಮಳೆಗಾಲ ಅಂದ್ರೆ ಬೂಷ್ಟಿಗೆ ಹಬ್ಬ. ನಮ್ಮ ಬಾಡಿಗೆ ಮನೆಯ ಶವರ್ ಕೆಳಗೆ, ಟೈಲ್ಸ್ ಸಂದಿಯಲ್ಲಿ, ಭಾನುವಾರ ಉಜ್ಜಿದ್ರೆ ಮುಂದಿನ ಭಾನುವಾರ ಮತ್ತೆ ಹಾಜರ್! ರೂಮ್‌ಮೇಟ್‌ಗೆ ಆಸ್ತಮಾ ಉಂಟು. ಹಾಗಾಗಿ ಇದು ಬರೀ ಅಂದಚೆಂದದ ವಿಷಯ ಅಲ್ಲ.

ಬೂಷ್ಟು ಬೆಳೆಯೋದು ತೇವ ಮತ್ತು ಸೋಪಿನ ಜಿಡ್ಡಿನಿಂದ. ಬ್ಲೀಚ್ ಹಾಕಿದ್ರೆ ಕಪ್ಪು ಹೋಗ್ತದೆ, ತೇವ ಹೋಗುದಿಲ್ಲ. ಈಗ ನಮ್ಮಲ್ಲಿ ಕೊನೆಗೆ ಸ್ನಾನ ಮಾಡಿದವರು ವೈಪರ್‌ನಲ್ಲಿ ಗೋಡೆಯ ನೀರನ್ನೂ ಎಳೀಬೇಕು. ಆಮೇಲೆ ಅರ್ಧ ಗಂಟೆ ಎಕ್ಸಾಸ್ಟ್ ಫ್ಯಾನ್. ಒದ್ದೆ ಟವೆಲ್ ಒಳಗೆ ಬಿಡೋ ಹಾಗಿಲ್ಲ. ಕರೆಂಟ್ ಬಿಲ್ ಬಗ್ಗೆ ತಕರಾರು ಇದ್ದದ್ದೇ.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳ್ತೇನೆ. ಬ್ಲೀಚಿಗೆ ಟಾಯ್ಲೆಟ್ ತೊಳೆಯುವ ಆಸಿಡ್ ಬೆರೆಸ್ಲೇಬೇಡಿ. ಕ್ಲೋರಿನ್ ಅನಿಲ ಏಳ್ತದೆ. ಮುಚ್ಚಿದ ಬಾತ್‌ರೂಮಲ್ಲಿ ಶ್ವಾಸಕೋಶಕ್ಕೇ ಪೆಟ್ಟು. ಕಿಟಕಿ ತೆರೆದಿಡಿ, ಯಾವುದಾದರೂ ಒಂದನ್ನೇ ಬಳಸಿ. ಆಸ್ತಮಾ ಇದ್ದವರು ಆ ಹೊತ್ತಿಗೆ ಹೊರಗಿರಲಿ.

ಇಷ್ಟಾದ್ರೂ ಅದೇ ಮೂಲೆಯಲ್ಲಿ ಬರ್ತಾ ಇದ್ರೆ ಗೋಡೆಯೊಳಗೆ ಪೈಪ್ ಸೋರ್ತಿರಬಹುದು. ಅದು ಉಜ್ಜಿದ್ರೆ ಹೋಗುವಂಥದ್ದಲ್ಲ. ಫೋಟೊ ತೆಗೆದು ಓನರ್‌ಗೆ ಕಳಿಸಿ. ನಾವೂ ಕಳಿಸಿದ್ದೇವೆ, ನಾಳೆ ಪ್ಲಂಬರ್ ಬರ್ತಾರಂತೆ.